ಬಚ್ಚಲಿನ ಬಟನ್ ಒತ್ತಿದರೆ ಜಗಲಿಗೆ ಕೇಳಬೇಕು: ಮನೆಯ ಅಲರ್ಟ್ ಸೆಟ್‌ಗೆ ರಿಪೀಟರ್ ಕೂರಿಸುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಷ್ಟೋ ದೊಡ್ಡ ಮನೆಗಳಲ್ಲಿ ಈಗ ಇರುವುದು ವಯಸ್ಸಾದ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಗಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರದಲ್ಲೂ ಹೀಗೇ. ರಜೆಗೆ ಬಂದ ಮಕ್ಕಳು ಒಂದು ಅಲರ್ಟ್ ಸೆಟ್ ತಂದು ಕೂರಿಸಿ ಹೋಗುತ್ತಾರೆ. ಬಚ್ಚಲಿನಲ್ಲಿ ಒಂದು ಬಟನ್, ಆಯಿಯ ಕೊರಳಿಗೆ ಒಂದು, ದಣಪೆ (ಗೇಟು) ಹತ್ತಿರ ಕಾಲಿಂಗ್ ಬೆಲ್, ಅಡಿಕೆ ಒಣಗಿಸುವ ಅಂಗಳಕ್ಕೆ ಒಂದು ಸೆನ್ಸರ್. ಏಪ್ರಿಲ್‌ನಲ್ಲಿ ಎಲ್ಲ ಸರಿಯಾಗಿ ಕೂಗುತ್ತದೆ. ಜುಲೈ ಬಂತು ಅಂದರೆ ಬಚ್ಚಲಿನ ಬಟನ್ ಒಮ್ಮೆ ಕೇಳಿಸುತ್ತದೆ, ಒಮ್ಮೆ ಇಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ ‘ರಿಪೀಟರ್ ಹಾಕಿ’ ಅನ್ನುತ್ತಾರೆ, ಅಂದರೆ ಬಟನ್‌ನ ಸಂದೇಶವನ್ನು ನಡುದಾರಿಯಲ್ಲಿ ಕೇಳಿ ಮತ್ತೆ ಕಳಿಸುವ ಸಾಧನ.

ರಿಪೀಟರ್ ತರುವುದು ಸುಲಭ. ಅದನ್ನು ಎಲ್ಲಿ ಇಡಬೇಕು ಅನ್ನುವಲ್ಲೇ ಹೆಚ್ಚಿನವರು ಎಡವುವುದು. ಅಲ್ಲಿಗೆ ಬರುವ ಮೊದಲು ಸಿಗ್ನಲ್ ಹೇಗೆ ಹೋಗುತ್ತದೆ, ಯಾಕೆ ನಿಲ್ಲುತ್ತದೆ ಅನ್ನುವುದು ಗೊತ್ತಿರಬೇಕು.

ಬಟನ್ ಒತ್ತಿದಾಗ ಏನಾಗುತ್ತದೆ?

ಸೆಟ್ ಸಣ್ಣದಿರಲಿ ದೊಡ್ಡದಿರಲಿ, ಒಂದು ತುದಿಯಲ್ಲಿ ಸುದ್ದಿ ಕಳಿಸುವ ಸಾಧನ ಇರುತ್ತದೆ. ಒತ್ತುವ ಬಟನ್, ಬಾಗಿಲು ತೆರೆದರೆ ತಿಳಿಯುವ ಸೆನ್ಸರ್, ಗ್ಯಾಸ್ ಸೋರಿದರೆ ಎಚ್ಚರಿಸುವ ಸೆನ್ಸರ್, ಇವೆಲ್ಲ ಆ ಗುಂಪು. ಇನ್ನೊಂದು ತುದಿಯಲ್ಲಿ ರಿಸೀವರ್. ಅದು ಬಜರ್ ಅಥವಾ ಸೈರನ್ ಕೂಗಿಸುತ್ತದೆ. ಕಿವಿ ಮಂದ ಆದವರಿಗಾಗಿ ಜೋರಾಗಿ ಮಿಂಚುವ ದೀಪದ ರಿಸೀವರ್ ಸಿಗುತ್ತದೆ. ದಿಂಬಿನ ಅಡಿ ಇಟ್ಟರೆ ನಡುಗಿ ಎಬ್ಬಿಸುವಂಥದ್ದೂ ಇದೆ. ಕೆಲವು ಸೆಟ್‌ಗಳಲ್ಲಿ ರಿಸೀವರ್ ಬದಲು ‘ಹಬ್’ ಇರುತ್ತದೆ. ಅದು ಸುದ್ದಿಯನ್ನು ವೈಫೈ ಮೂಲಕ ಅಥವಾ ಸಿಮ್ ಕಾರ್ಡ್ ಮೂಲಕ ಮಕ್ಕಳ ಮೊಬೈಲ್‌ಗೂ ಮುಟ್ಟಿಸುತ್ತದೆ.

ಎರಡು ತುದಿಗಳ ನಡುವೆ ಓಡಾಡುವುದು ರೇಡಿಯೊ ಅಲೆ. ಬಟನ್ ಒತ್ತಿದ ಕೂಡಲೇ ಅದು ತನ್ನ ಗುರುತಿನ ನಂಬರನ್ನು ಒಂದು ಪುಟ್ಟ ಸಂದೇಶವಾಗಿ ಕಳಿಸುತ್ತದೆ, ಅದೂ ಬೆನ್ನುಬೆನ್ನಿಗೆ ಹಲವು ಸಲ. ಅಗ್ಗದ ಸೆಟ್‌ಗಳಲ್ಲಿ ಜಾಸ್ತಿ ಬಳಸುವ ಇವಿ1527 ಎಂಬ ಚಿಪ್‌ಗೆ 20 ಬಿಟ್‌ನ ಗುರುತು ಇರುತ್ತದೆ. ಅಂದರೆ 10 ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ನಂಬರ್ ಸಾಧ್ಯ. ಪಕ್ಕದ ಮನೆಯ ಬೆಲ್ ಒತ್ತಿದರೆ ನಿಮ್ಮ ಬಜರ್ ಕೂಗದೇ ಇರುವುದು ಇದರಿಂದಲೇ.

ಇಲ್ಲಿ ಒಂದು ಮಾತನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳಲೇಬೇಕು. ಬಟನ್ ಮೇಲಿನ ಕೆಂಪು ದೀಪ ಹೊತ್ತಿತು ಅಂದರೆ ಸಂದೇಶ ಹೊರಟಿತು ಅಂತ ಮಾತ್ರ ಅರ್ಥ. ಅದು ಮುಟ್ಟಿತು ಅಂತ ಅಲ್ಲ. ಅಗ್ಗದ ಸೆಟ್‌ಗಳು ಹೆಚ್ಚಿನವು ಒಮ್ಮುಖದವು. ಬಟನ್‌ಗೆ ಹೇಳಲು ಬರುತ್ತದೆ, ಕೇಳಲು ಬರುವುದಿಲ್ಲ. ಇಮ್ಮುಖದ ಸೆಟ್‌ಗಳಲ್ಲಿ ರಿಸೀವರ್ ‘ಸಿಕ್ಕಿತು’ ಎಂದು ಮರು ಉತ್ತರ ಕೊಡುತ್ತದೆ, ಉತ್ತರ ಬಾರದಿದ್ದರೆ ಬಟನ್ ಮತ್ತೆ ಪ್ರಯತ್ನಿಸುತ್ತದೆ. ಬೆಲೆ ಜಾಸ್ತಿ. ಆದರೆ ಒಬ್ಬರೇ ಇರುವ ಮನೆಗೆ ಆ ಹೆಚ್ಚಿನ ದುಡ್ಡು ಕೊಡುವುದೇ ಒಳ್ಳೆಯದು.

ನಮ್ಮ ಮನೆಗಳಲ್ಲಿ ಸಿಗ್ನಲ್ ಎಲ್ಲಿ ಸೋಲುತ್ತದೆ?

ಡಬ್ಬಿಯ ಮೇಲೆ ‘100 ಮೀಟರ್’ ಅಂತ ಬರೆದಿರುತ್ತದೆ. ಅದು ಏನೂ ಅಡ್ಡ ಇಲ್ಲದ ಬಯಲಿನ ಲೆಕ್ಕ. ಬಯಲಲ್ಲೂ ದೂರ ಎರಡು ಪಟ್ಟಾದರೆ ಸಿಗುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಗೋಡೆ ಬಂದರೆ ಲೆಕ್ಕ ಇನ್ನೂ ಕೆಡುತ್ತದೆ. ದಪ್ಪನೆಯ ಒದ್ದೆ ಗೋಡೆಯೊಂದು ಹತ್ತರಲ್ಲಿ ಒಂಬತ್ತು ಪಾಲು ನುಂಗಿಬಿಡಬಹುದು. ಅಂಥ ಮೂರು ಗೋಡೆ ದಾಟಿದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು.

ನಮ್ಮ ಕಡೆಯ ಹಳೆಯ ಮನೆ ನೆನಪಿಸಿಕೊಳ್ಳಿ. ಮುಂದೆ ಜಗಲಿ, ಆಮೇಲೆ ನಡುಮನೆ, ದೇವರ ಕೋಣೆ, ಅಡಿಗೆಮನೆ, ಎಲ್ಲಕ್ಕಿಂತ ಹಿಂದೆ ಬಚ್ಚಲು. ಒಂದಾದ ಮೇಲೊಂದು ಗೋಡೆ. ಆ ಗೋಡೆ ಚಿರೆಕಲ್ಲಿನದು ಅಥವಾ ಮಣ್ಣಿನದು. ಚಿರೆಕಲ್ಲಿನ ಒಳಗೆಲ್ಲ ಸಣ್ಣ ಸಣ್ಣ ತೂತು, ಮಳೆಗಾಲದಲ್ಲಿ ಅದು ನೀರು ಹೀರುತ್ತದೆ. ನೀರು ರೇಡಿಯೊ ಅಲೆಯನ್ನು ನುಂಗುತ್ತದೆ. ಏಪ್ರಿಲ್‌ನಲ್ಲಿ ದಾಟುತ್ತಿದ್ದ ಸಿಗ್ನಲ್ ಜುಲೈನಲ್ಲಿ ದಾಟದಿರುವುದಕ್ಕೆ ಮುಖ್ಯ ಕಾರಣ ಇದು. ತೋಟದ ನಡುವೆ ಹಾದುಬರುವ ಸಿಗ್ನಲ್‌ಗೂ ಹೀಗೇ ಆಗುತ್ತದೆ, ಅಡಿಕೆ ಸೋಗೆ, ಬಾಳೆ ಎಲೆ ಎಲ್ಲ ಒದ್ದೆಯಾಗಿರುತ್ತವೆ ಅಲ್ವಾ?

ನೀರಿಗಿಂತಲೂ ಕೆಟ್ಟದ್ದು ಲೋಹ. ಅಂಗಳಕ್ಕೆ, ತಾರಸಿಗೆ ಈಗ ಎಲ್ಲರೂ ಹಾಕಿಸುವ ತಗಡಿನ ಶೀಟು ಅಲೆಯನ್ನು ದಾಟಗೊಡುವುದಿಲ್ಲ, ತಿರುಗಿಸಿ ಕಳಿಸುತ್ತದೆ. ಕಬ್ಬಿಣದ ಕಪಾಟು, ಫ್ರಿಜ್, ಬಚ್ಚಲಿನ ತಾಮ್ರದ ಹಂಡೆ, ನೀರಿನ ಟ್ಯಾಂಕ್ ಇವೂ ಅಡ್ಡ. ಹೊಸ ಮನೆಯ ಆರ್‌ಸಿಸಿ ಸ್ಲ್ಯಾಬಿನಲ್ಲಿ ಕಬ್ಬಿಣದ ಸರಳಿನ ಜಾಲವೇ ಇರುತ್ತದೆ. ಹಳೆಯ ಮನೆಗೆ ಅಂಟಿಸಿ ಸ್ಲ್ಯಾಬ್ ಮನೆ ಕಟ್ಟಿದ ಕಡೆ ಎರಡರ ನಡುವೆ ಸಿಗ್ನಲ್ ಹಾಯುವುದು ಕಷ್ಟ.

ರಿಪೀಟರ್ ಮಾಡುವ ಕೆಲಸ

ತೋಟದ ಕೆಳತುದಿಯಿಂದ ಒಬ್ಬರು ಕೂ ಹಾಕುತ್ತಾರೆ. ಮನೆಗೆ ಕೇಳುವುದಿಲ್ಲ. ನಡುವಿನ ಧರೆಯ (ದಿಬ್ಬದ) ಮೇಲೆ ನಿಂತವರಿಗೆ ಕೇಳುತ್ತದೆ. ಅವರು ಮನೆಯ ಕಡೆ ತಿರುಗಿ ತಮ್ಮ ಪೂರ್ತಿ ದನಿಯಲ್ಲಿ ಮತ್ತೆ ಕೂ ಹಾಕುತ್ತಾರೆ. ರಿಪೀಟರ್ ಮಾಡುವುದು ಇಷ್ಟೇ. ಬಟನ್ ಕಳಿಸಿದ ಸಂದೇಶವನ್ನು ಕೇಳುತ್ತದೆ, ಒಳಗೆ ಬಿಡಿಸಿ ಓದುತ್ತದೆ, ಸರಿಯಾಗಿದ್ದರೆ ಹೊಸದಾಗಿ ಪೂರ್ತಿ ಶಕ್ತಿಯಲ್ಲಿ ಕಳಿಸುತ್ತದೆ. ಇದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ಸಣ್ಣ ಪಾಲು.

ಓದಿ ಮತ್ತೆ ಕಳಿಸುವುದಕ್ಕೂ ಸುಮ್ನೆ ಹಿಗ್ಗಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಬರೀ ಹಿಗ್ಗಿಸಿದರೆ ಸಂದೇಶದ ಜೊತೆ ಗದ್ದಲವೂ ಹಿಗ್ಗುತ್ತದೆ. ಓದಿ ಕಳಿಸಿದರೆ ಗದ್ದಲ ಅಲ್ಲೇ ಉಳಿಯುತ್ತದೆ, ಸಂದೇಶ ಶುದ್ಧವಾಗಿ ಮುಂದೆ ಹೋಗುತ್ತದೆ. ಆದರೆ ಒಂದು ಷರತ್ತು. ತನಗೇ ಕೇಳಿಸದ್ದನ್ನು ಯಾವ ರಿಪೀಟರೂ ಮುಂದೆ ಕಳಿಸಲಾರದು.

ಕೊಳ್ಳುವ ಮೊದಲು ನೋಡಬೇಕಾದ್ದು

ಮೊದಲು, ದಾರಿ ತುಂಡಾಗಿರುವುದು ಎಲ್ಲಿ? ಹಬ್ ಇರುವ ಸೆಟ್‌ನಲ್ಲಿ ದಾರಿ ಎರಡು: ಸೆನ್ಸರ್‌ನಿಂದ ಹಬ್‌ಗೆ, ಹಬ್‌ನಿಂದ ಮೊಬೈಲ್‌ಗೆ. ಮನೆಯಲ್ಲಿ ಸೈರನ್ ಕೂಗುತ್ತಿದೆ, ಆದರೆ ಮಗನ ಮೊಬೈಲ್‌ಗೆ ಸುದ್ದಿ ಹೋಗುತ್ತಿಲ್ಲ ಅಂದರೆ ತೊಂದರೆ ಇರುವುದು ವೈಫೈಯಲ್ಲೋ ನೆಟ್‌ವರ್ಕ್‌ನಲ್ಲೋ. ಸೆನ್ಸರ್‌ನ ರಿಪೀಟರ್ ಅಲ್ಲಿ ಏನೂ ಮಾಡದು. ಸೈರನ್ನೇ ಕೂಗದಿದ್ದರೆ ವೈಫೈ ಎಕ್ಸ್‌ಟೆಂಡರ್ ತಂದು ಪ್ರಯೋಜನ ಇಲ್ಲ, ಯಾಕೆಂದರೆ ಸೆನ್ಸರ್ ಮಾತಾಡುವುದು ಸಾಮಾನ್ಯವಾಗಿ ಬೇರೆಯೇ ಫ್ರೀಕ್ವೆನ್ಸಿಯಲ್ಲಿ.

ಆ ಫ್ರೀಕ್ವೆನ್ಸಿ ಯಾವುದು ಅನ್ನುವುದು ಎರಡನೇ ಪ್ರಶ್ನೆ. ಸೆನ್ಸರ್‌ನ ಬೆನ್ನ ಮೇಲೆ ಬರೆದಿರುತ್ತದೆ. ನಮ್ಮಲ್ಲಿ ಜಾಸ್ತಿ ಸಿಗುವುದು 433 ಮೆಗಾಹರ್ಟ್ಸ್‌ನದು. 865ರಿಂದ 868ರ ಒಳಗಿನವೂ ಇವೆ, ವೈಫೈ ಮತ್ತು ಜಿಗ್‌ಬೀ (ಮನೆಯ ಸ್ಮಾರ್ಟ್ ಸಾಧನಗಳು ತಮ್ಮೊಳಗೆ ಮಾತಾಡುವ ಒಂದು ಪದ್ಧತಿ) ಬಳಸುವ 2.4 ಗಿಗಾಹರ್ಟ್ಸ್‌ನವೂ ಇವೆ. ರಿಪೀಟರ್ ಅದೇ ಫ್ರೀಕ್ವೆನ್ಸಿಯದ್ದಾಗಿರಬೇಕು. ಅಷ್ಟೇ ಸಾಲದು, ಅದೇ ಭಾಷೆಯನ್ನೂ ಬಲ್ಲದ್ದಾಗಿರಬೇಕು. ಒಂದು ಕಂಪನಿಯ ಗುಪ್ತ ಕೋಡ್ ಇನ್ನೊಂದು ಕಂಪನಿಯ ರಿಪೀಟರ್‌ಗೆ ಅರ್ಥವಾಗುವುದಿಲ್ಲ. ಹಾಗಾಗಿ ಸೆಟ್ ಮಾಡಿದ ಕಂಪನಿಯದ್ದೇ ರಿಪೀಟರ್ ತರುವುದು ಸುರಕ್ಷಿತ. ಜಿಗ್‌ಬೀ ಸೆಟ್ ಆದರೆ ಬೇರೆ ರಿಪೀಟರ್ ಬೇಡದಿರಬಹುದು. ಆ ಪದ್ಧತಿಯಲ್ಲಿ ಕರೆಂಟಿನ ಮೇಲೆ ನಡೆಯುವ ಸ್ಮಾರ್ಟ್ ಪ್ಲಗ್‌ನಂಥ ಸಾಧನಗಳು ಸಾಮಾನ್ಯವಾಗಿ ತಾವೇ ಸಂದೇಶ ದಾಟಿಸುತ್ತವೆ. ಬ್ಯಾಟರಿಯ ಸೆನ್ಸರ್‌ಗಳು ದಾಟಿಸುವುದಿಲ್ಲ.

ಹೊರದೇಶದಿಂದ ಸೆಟ್ ತರುವವರು ಇದನ್ನು ಗಮನಿಸಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಫ್ರೀಕ್ವೆನ್ಸಿಗಳಲ್ಲಿ ಕಡಿಮೆ ಶಕ್ತಿಯ 433–434, ಮತ್ತು 865–868 ಮೆಗಾಹರ್ಟ್ಸ್ ಸೇರಿವೆ. ಯುರೋಪಿನ ಎಷ್ಟೋ ಅಲಾರಂ ಸೆಟ್‌ಗಳು 868.0ರಿಂದ 868.6ರ ನಡುವೆ ನಡೆಯುತ್ತವೆ, ಅಂದರೆ ಗಡಿಯ ಆಚೆ. ಅಮೆರಿಕದಲ್ಲಿ ಬಳಸುವ 902–928ರ ಒಂದು ಭಾಗ ಇಲ್ಲಿ ಮೊಬೈಲ್ ಕಂಪನಿಗಳದ್ದು. ಪ್ರೀತಿಯಿಂದ ತಂದ ಸೆಟ್ ಇಲ್ಲಿ ಕಾನೂನಿಗೂ ಹೊಂದದು, ಪಕ್ಕದ ಟವರ್‌ನ ಗದ್ದಲದಲ್ಲಿ ಸರಿಯಾಗಿ ಕೆಲಸವನ್ನೂ ಮಾಡದಿರಬಹುದು. ಇಂಥ ಸಾಧನಗಳಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಇಟಿಎ ಎಂಬ ಒಪ್ಪಿಗೆ ಕೊಡುತ್ತದೆ. ಕೊಳ್ಳುವಾಗ ಅದನ್ನು ಕೇಳಿ.

ಮೊಬೈಲ್ ನೆಟ್‌ವರ್ಕ್ ಹೆಚ್ಚಿಸುವ ಬೂಸ್ಟರ್ ಪೂರ್ತಿ ಬೇರೆ ವಸ್ತು. ಅದನ್ನೂ ಕೆಲವರು ರಿಪೀಟರ್ ಅಂತಲೇ ಮಾರುತ್ತಾರೆ. ಅನುಮತಿ ಇಲ್ಲದೆ ಖಾಸಗಿಯವರು ಅದನ್ನು ಕೊಳ್ಳುವುದು, ಕೂರಿಸುವುದು ನಮ್ಮ ದೇಶದಲ್ಲಿ ಅಪರಾಧ. ಸುತ್ತಲಿನ ಎಲ್ಲರ ಫೋನ್‌ಗೂ ಅದರಿಂದ ತೊಂದರೆ ಆಗುತ್ತದೆ. ನೆಟ್‌ವರ್ಕ್ ಇಲ್ಲದ ಊರಿನ ಕಷ್ಟ ದೊಡ್ಡದೇ, ಆದರೂ ಇದು ಬೇಡ.

ಎಲ್ಲಿ ಇಡಬೇಕು?

ಎಲ್ಲರಿಗೂ ಮೊದಲು ಹೊಳೆಯುವುದು ಸಿಗ್ನಲ್ ಸಿಗದ ಜಾಗದಲ್ಲೇ ರಿಪೀಟರ್ ಇಡೋಣ ಅಂತ. ಅಥವಾ ರಿಸೀವರ್‌ನ ಪಕ್ಕದ ಪ್ಲಗ್‌ಗೆ ಚುಚ್ಚಿಬಿಡೋಣ ಅಂತ. ಎರಡೂ ಕೆಲಸಕ್ಕೆ ಬರುವುದಿಲ್ಲ. ರಿಸೀವರ್ ಪಕ್ಕದಲ್ಲಿಟ್ಟರೆ ರಿಸೀವರ್‌ಗೆ ಕೇಳದ್ದು ಇದಕ್ಕೂ ಕೇಳುವುದಿಲ್ಲ. ಬಚ್ಚಲಲ್ಲೇ ಇಟ್ಟರೆ ಬಟನ್‌ನ ದನಿ ಚೆನ್ನಾಗಿ ಕೇಳುತ್ತದೆ, ಆದರೆ ಇದರ ದನಿ ಅದೇ ಮೂರು ಗೋಡೆ ದಾಟಬೇಕಾಗುತ್ತದೆ.

ಬೇಕಾದ್ದು ಎರಡೂ ಕಡೆ ಚೆನ್ನಾಗಿ ಕೇಳುವ ಜಾಗ. ಅದನ್ನು ಹುಡುಕಲು ಹೀಗೆ ಮಾಡಿ. ರಿಪೀಟರ್ ಬದಿಗಿಡಿ. ರಿಸೀವರ್ ಅದರ ಜಾಗದಲ್ಲೇ ಇರಲಿ. ಒಬ್ಬರು ಅದರ ಹತ್ತಿರ ನಿಲ್ಲಲಿ. ಇನ್ನೊಬ್ಬರು ಬಟನ್ ಹಿಡಿದು ರಿಸೀವರ್‌ನಿಂದ ಬಚ್ಚಲಿನ ಕಡೆ ನಡೆಯುತ್ತ, ಪ್ರತಿ ಕೋಣೆಯಲ್ಲಿ ನಿಂತು ಹತ್ತು ಸಲ ಒತ್ತಲಿ. ಹತ್ತಕ್ಕೆ ಹತ್ತೂ ಕೂಗಿದ ಕೊನೆಯ ಜಾಗ ಯಾವುದು ಅಂತ ಗುರುತು ಹಾಕಿ. ಎಂಟು ಸಲ ಕೂಗಿತು ಅಂದರೆ ಅದು ಪಾಸಾದ ಜಾಗ ಅಲ್ಲ. ಸಹಾಯಕ್ಕೆ ಕರೆಯುವ ಬಟನ್‌ನಲ್ಲಿ ಎರಡು ಸಲ ತಪ್ಪುವುದನ್ನು ಒಪ್ಪಲಾಗದು. ಆಮೇಲೆ ರಿಸೀವರನ್ನು ಆ ಗುರುತಿನ ಜಾಗಕ್ಕೆ ತಂದಿಡಿ, ಬಚ್ಚಲಿನಿಂದ ಬಟನ್ ಒತ್ತಿ. ಅಲ್ಲೂ ಹತ್ತಕ್ಕೆ ಹತ್ತು ಬಂದರೆ ರಿಪೀಟರ್‌ನ ಜಾಗ ಸಿಕ್ಕಿತು. ಬಾರದಿದ್ದರೆ ಒಂದು ಕೋಣೆ ಆಚೀಚೆ ಸರಿಸಿ ನೋಡಿ.

ಜಾಗ ಸಿಕ್ಕಮೇಲೆ ಎತ್ತರ. ತಲೆಗಿಂತ ಮೇಲೆ ಇದ್ದರೆ ಒಳ್ಳೆಯದು, ಮನುಷ್ಯರು ಮತ್ತು ಸಾಮಾನು ಅಡ್ಡ ಬರುವುದು ಕಡಿಮೆ. ಬಾಗಿಲ ಮೇಲಿನ ಗೋಡೆ, ಕಿಟಕಿಯ ಪಕ್ಕ, ಮೆತ್ತಿಗೆ (ಅಟ್ಟಕ್ಕೆ) ಹತ್ತುವ ಏಣಿಯ ಬಾಯಿ, ಇವೆಲ್ಲ ಆಗುತ್ತವೆ. ಮರದ ಬಾಗಿಲು, ಹಂಚಿನ ಮಾಡು ಅಲೆಗೆ ಅಷ್ಟಾಗಿ ಅಡ್ಡ ಬರುವುದಿಲ್ಲ, ಹಾಗಾಗಿ ಗೋಡೆ ದಾಟುವ ಬದಲು ಮೆತ್ತಿಯ ಮೇಲಿಂದ ದಾಟಿಸಲು ಆಗುತ್ತದೆಯೇ ನೋಡಿ. ಫ್ರಿಜ್, ಕಪಾಟು, ಇನ್ವರ್ಟರ್, ವೈಫೈ ರೌಟರ್ ಇವುಗಳಿಂದ ಒಂದೆರಡು ಮೀಟರ್ ದೂರ ಇರಲಿ.

ಆಂಟೆನಾ ಬಗ್ಗೆಯೂ ಒಂದು ಮಾತು. 433 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ಅದರ ಕಾಲು ಭಾಗ 17 ಸೆಂಟಿಮೀಟರ್. ಕೆಲವು ಸೆಟ್‌ಗಳಲ್ಲಿ ಬಾಲದಂತೆ ಜೋತಾಡುವ ವೈರ್ ಅಷ್ಟುದ್ದ ಇರುವುದು ಅದಕ್ಕೇ. ಚಂದ ಕಾಣಲಿ ಅಂತ ಅದನ್ನು ಕತ್ತರಿಸಬೇಡಿ, ಸುತ್ತಿ ಒಳಗೆ ತುರುಕಬೇಡಿ. ನೆಟ್ಟಗೆ ನಿಂತ ಆಂಟೆನಾ ಸುತ್ತಲೂ ಚೆನ್ನಾಗಿ ಕಳಿಸುತ್ತದೆ, ನೇರ ಮೇಲಕ್ಕೆ ಮತ್ತು ನೇರ ಕೆಳಕ್ಕೆ ತೀರಾ ಕಡಿಮೆ. ಹಾಗಾಗಿ ಮೆತ್ತಿಯಲ್ಲಿಟ್ಟ ರಿಪೀಟರ್ ರಿಸೀವರ್‌ನ ಸರಿಯಾಗಿ ನೆತ್ತಿಯ ಮೇಲೆ ಬರದಂತೆ ಸ್ವಲ್ಪ ಬದಿಗೆ ಇಡಿ. ರಿಪೀಟರ್, ರಿಸೀವರ್ ಎರಡರ ಆಂಟೆನಾನೂ ಒಂದೇ ದಿಕ್ಕಿಗೆ ನಿಂತಿರಲಿ.

ಸಿಮ್ ಕಾರ್ಡ್ ಇರುವ ಹಬ್ ಆದರೆ ಯೋಚನೆಯನ್ನು ತಿರುಗಿಸಬೇಕು. ನಮ್ಮ ಕೊಳ್ಳದ ಊರುಗಳಲ್ಲಿ ಮನೆಯ ಒಂದು ಮೂಲೆಯಲ್ಲಿ ಮಾತ್ರ ಫೋನ್ ಹಿಡಿಯುತ್ತದೆ. ಮನೆಯವರಿಗೆ ಆ ಮೂಲೆ ಗೊತ್ತೇ ಇರುತ್ತದೆ. ಹಬ್ ಇರಬೇಕಾದ್ದು ಅಲ್ಲಿ. ನೆಟ್‌ವರ್ಕನ್ನು ನಾವು ಸರಿಸಲಾರೆವು, ಆದರೆ ಸೆನ್ಸರ್‌ನ ಸಂದೇಶವನ್ನು ರಿಪೀಟರ್ ಮೂಲಕ ಆ ಮೂಲೆಯವರೆಗೆ ಒಯ್ಯಬಹುದು.

ದಣಪೆ ದೂರ ಇದ್ದರೆ ವೈರ್ ಎಳೆಯೋಣ ಅನ್ನುವವರೂ ಇದ್ದಾರೆ. ತೋಟದ ಮಧ್ಯೆ ಹಾದ ಉದ್ದನೆಯ ವೈರ್ ಗುಡುಗು ಸಿಡಿಲಿನ ಹೊತ್ತಿಗೆ ವಿದ್ಯುತ್ತನ್ನು ಸೀದಾ ಮನೆಯೊಳಗೆ ತರುವ ದಾರಿ. ಆ ಅಪಾಯಕ್ಕಿಂತ ಮಧ್ಯದಲ್ಲೊಂದು ರಿಪೀಟರ್ ಎಷ್ಟೋ ಮೇಲು. ಕೊಟ್ಟಿಗೆಯ ಮಾಡಿನ ಅಡಿ, ನೀರು ಹಾರದ ಕಡೆ ಅದು ಕೂರಬಹುದು.

ಜೋಡಿಸುವುದು

ಇದು ಕಷ್ಟದ ಕೆಲಸ ಅಲ್ಲ. ಬಟನ್, ರಿಪೀಟರ್, ರಿಸೀವರ್ ಮೂರನ್ನೂ ಒಂದೇ ಕೋಣೆಗೆ ತನ್ನಿ. ರಿಪೀಟರ್‌ನ ‘ಲರ್ನ್’ ಬಟನ್ ಒತ್ತಿ, ಅದರ ದೀಪ ಮಿಂಚುವಾಗ ಸೆನ್ಸರ್‌ನ ಬಟನ್ ಒತ್ತಿದರೆ ಗುರುತು ದಾಖಲಾಗುತ್ತದೆ. ಎಲ್ಲ ಸೆನ್ಸರ್‌ಗೂ ಒಂದೊಂದಾಗಿ ಹೀಗೇ ಮಾಡಿ. ಕೆಲವು ಸೆಟ್‌ಗಳಲ್ಲಿ ರಿಸೀವರ್‌ಗೆ ರಿಪೀಟರ್‌ನ ಪರಿಚಯವನ್ನೂ ಮಾಡಿಸಬೇಕು. ಕೆಲವು ರಿಪೀಟರ್‌ಗಳು ಏನನ್ನೂ ಕಲಿಯದೆ, ಕಿವಿಗೆ ಬಿದ್ದದ್ದನ್ನೆಲ್ಲ ದಾಟಿಸುತ್ತವೆ. ಈ ಕೊನೆಯ ಬಗೆಯದ್ದನ್ನು ಎರಡೆರಡು ಹಾಕಬೇಡಿ. ಒಂದರ ಮಾತನ್ನು ಇನ್ನೊಂದು, ಅದರ ಮಾತನ್ನು ಇದು ಹೇಳುತ್ತ ಕೂತರೆ ಹೊಸ ಸಂದೇಶಕ್ಕೆ ಜಾಗವೇ ಉಳಿಯುವುದಿಲ್ಲ. ಒಳ್ಳೆಯ ಸೆಟ್‌ಗಳಲ್ಲಿ ಪ್ರತಿ ಸಂದೇಶಕ್ಕೂ ಗುರುತು ಇರುವುದರಿಂದ ಒಮ್ಮೆ ದಾಟಿಸಿದ್ದನ್ನು ಮತ್ತೆ ದಾಟಿಸುವುದಿಲ್ಲ. ಎಷ್ಟು ರಿಪೀಟರ್ ಹಾಕಬಹುದು ಅಂತ ಜೊತೆಗೆ ಬಂದ ಪುಸ್ತಿಕೆಯಲ್ಲಿ ನೋಡಿ.

ರಿಪೀಟರ್ ಹಾಕಿದ ಮೇಲೆ ಬೆಲ್ ಎರಡು ಸಲ ಕೂಗಿದರೆ ಗಾಬರಿ ಬೇಡ. ನೇರ ಬಂದದ್ದು ಒಂದು, ರಿಪೀಟರ್ ಮೂಲಕ ಬಂದದ್ದು ಇನ್ನೊಂದು. ಒಂದೇ ಬಟನ್ನಿಂದ ಆನ್ ಮತ್ತು ಆಫ್ ಎರಡೂ ಆಗುವ ದೀಪ ಅಥವಾ ಸೈರನ್ ಇದ್ದರೆ ಮಾತ್ರ ಎಚ್ಚರ. ಮೊದಲ ಸಂದೇಶ ಆನ್ ಮಾಡಿ, ಎರಡನೆಯದು ಆಫ್ ಮಾಡಿಬಿಡಬಹುದು. ಅಂಥದ್ದನ್ನು ಬೇರೆ ಬೇರೆ ಬಟನ್‌ಗೆ ಬದಲಿಸಿಕೊಳ್ಳಿ.

ಕರೆಂಟ್ ಹೋದಾಗ

ಸೆನ್ಸರ್ ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತದೆ, ಅದಕ್ಕೇ ಒಂದು ಬಿಲ್ಲೆ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ರಿಪೀಟರ್ ಹಾಗಲ್ಲ. ಸಂದೇಶ ಯಾವಾಗ ಬರುತ್ತದೋ ಗೊತ್ತಿಲ್ಲ, ಆದ್ದರಿಂದ ಅದು ದಿನವಿಡೀ ಎಚ್ಚರ ಇರಬೇಕು. ಅದಕ್ಕೆ ನಿರಂತರ ಕರೆಂಟ್ ಬೇಕು. ಮರ ಬಿದ್ದು ಲೈನ್ ಹರಿದರೆ ನಮ್ಮ ಹಳ್ಳಿಗಳಲ್ಲಿ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸತಲ್ಲ. ಬಚ್ಚಲಲ್ಲಿ ಕತ್ತಲೆ ಇರುವುದು, ಕಾಲು ಜಾರುವುದು ಇಂಥ ದಿನಗಳಲ್ಲೇ.

ಅರ್ಧ ವಾಟ್ ಎಳೆಯುವ ರಿಪೀಟರ್ ಇದೆ ಅಂದುಕೊಳ್ಳಿ. ಒಳಗೆ 3.7 ವೋಲ್ಟ್‌ನ 2000 ಎಂಎಎಚ್ ಬ್ಯಾಟರಿ ಇದ್ದರೆ ಅದರಲ್ಲಿರುವುದು 7.4 ವಾಟ್-ಗಂಟೆ. ಅಂದರೆ ಹೆಚ್ಚೆಂದರೆ ಸುಮಾರು 15 ಗಂಟೆ. ಒಂದು ರಾತ್ರಿಗೆ ಸಾಕು, ಎರಡನೇ ರಾತ್ರಿಗೆ ಇಲ್ಲ. 10,000 ಎಂಎಎಚ್‌ನ ಪವರ್ ಬ್ಯಾಂಕ್ ಜೋಡಿಸಿದರೆ ನಷ್ಟವೆಲ್ಲ ಕಳೆದು ಸುಮಾರು ಎರಡು ದಿನ ನಡೆಯಬಹುದು. ಆದರೆ ತುಂಬಾ ಕಡಿಮೆ ಕರೆಂಟ್ ಎಳೆಯುವ ಸಾಧನ ಚುಚ್ಚಿದರೆ ಕೆಲವು ಪವರ್ ಬ್ಯಾಂಕ್‌ಗಳು ಚಾರ್ಜಿಂಗ್ ಮುಗಿಯಿತು ಎಂದು ತಿಳಿದು ತಾವಾಗಿಯೇ ಆಫ್ ಆಗುತ್ತವೆ. ಮೊದಲೇ ಒಂದು ರಾತ್ರಿ ಹಾಗೇ ಬಿಟ್ಟು ನೋಡಿ. ರೌಟರ್‌ಗೆಂದು ಸಿಗುವ ಸಣ್ಣ ಯುಪಿಎಸ್ ಇದಕ್ಕಿಂತ ನೆಮ್ಮದಿ, ವೋಲ್ಟೇಜ್ 5, 9, 12ರಲ್ಲಿ ಯಾವುದು ಅಂತ ರಿಪೀಟರ್‌ನ ಅಡಾಪ್ಟರ್ ಜೊತೆ ತಾಳೆ ನೋಡಿದರಾಯಿತು. ಇನ್ವರ್ಟರ್ ಇರುವ ಮನೆಯಲ್ಲಿ ರಿಪೀಟರ್, ರಿಸೀವರ್ ಎರಡೂ ಇನ್ವರ್ಟರ್ ಲೈನಿನ ಪ್ಲಗ್‌ನಲ್ಲೇ ಇರಲಿ. ಬರೀ ಒಂದಕ್ಕೆ ಕರೆಂಟ್ ಇದ್ದು ಉಪಯೋಗ ಇಲ್ಲ.

ಪರೀಕ್ಷೆ ಮಾಡುವುದು

ರಿಪೀಟರ್‌ನ ಪ್ಲಗ್ ತೆಗೆದು (ಒಳಗೆ ಬ್ಯಾಟರಿ ಇದ್ದರೆ ಅದನ್ನೂ ಆಫ್ ಮಾಡಿ) ಬಚ್ಚಲಿನಿಂದ ಬಟನ್ ಒತ್ತಿ. ಕೂಗಬಾರದು. ಪ್ಲಗ್ ಹಾಕಿ ಒತ್ತಿ. ಕೂಗಬೇಕು. ಈ ವ್ಯತ್ಯಾಸ ಕಂಡರೆ ಮಾತ್ರ ಕೆಲಸ ಮಾಡುತ್ತಿರುವುದು ರಿಪೀಟರ್ ಅಂತ ನಂಬಬಹುದು. ಇಲ್ಲದಿದ್ದರೆ ಆ ಹೊತ್ತಿಗೆ ಸಿಗ್ನಲ್ ನೇರವಾಗಿಯೇ ಮುಟ್ಟಿರಬಹುದು.

ಆಮೇಲೆ ಕಷ್ಟದ ಪರೀಕ್ಷೆಗಳು. ಬಟನ್ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಒತ್ತಿ. ನಮ್ಮ ಮೈಯಲ್ಲೂ ನೀರೇ ಜಾಸ್ತಿ, ಅದು ಸಿಗ್ನಲ್ ತಗ್ಗಿಸುತ್ತದೆ. ಕೊರಳಿನ ಬಟನ್ ಆದರೆ ಬಚ್ಚಲ ನೆಲದ ಮೇಲೆ ಕವುಚಿ ಮಲಗಿ, ಅದು ಎದೆಯ ಅಡಿ ಸಿಕ್ಕಿಕೊಂಡಿರುವಾಗ ಒತ್ತಿ ನೋಡಿ. ಬಿದ್ದವರು ಇರುವುದು ಹಾಗೇ ಅಲ್ವಾ? ನಿಂತು ಒತ್ತಿದಾಗ ಚೆನ್ನಾಗಿ ಕೂಗಿದ್ದು ಹೀಗೆ ಒತ್ತಿದಾಗ ಕೂಗದಿದ್ದರೆ ರಿಪೀಟರ್‌ನ ಜಾಗ ಬದಲಿಸಬೇಕು. ಬಾಗಿಲು ಹಾಕಿ ಒಮ್ಮೆ, ಮೇನ್ ಸ್ವಿಚ್ ಆಫ್ ಮಾಡಿ ಒಮ್ಮೆ ಪರೀಕ್ಷಿಸಿ. ಇಷ್ಟೂ ಏಪ್ರಿಲ್‌ನಲ್ಲಿ ಸರಿಬಂದರೂ, ನಾಲ್ಕು ದಿನ ಜಡಿಮಳೆ ಹೊಡೆದ ಮೇಲೆ ಇನ್ನೊಮ್ಮೆ ಪೂರ್ತಿ ಮಾಡಿ. ಊರಿಗೆ ಬರಲಾಗದ ಮಕ್ಕಳು ಫೋನಿನಲ್ಲೇ ಆಯಿ ಹತ್ತಿರ ಒತ್ತಿಸಿ, ರಿಸೀವರ್ ಹತ್ತಿರ ಅಪ್ಪನನ್ನೋ ಪಕ್ಕದ ಮನೆಯವರನ್ನೋ ನಿಲ್ಲಿಸಿ ಕೇಳಬಹುದು. ತಿಂಗಳಿಗೊಮ್ಮೆ, ಹಾಲಿನ ಲೆಕ್ಕ ಮಾಡುವ ದಿನವೇ ಆದರೂ ಸರಿ, ಎಲ್ಲ ಬಟನ್ ಒಮ್ಮೆ ಒತ್ತಿಬಿಡಿ.

ಕಾರವಾರ, ಗೋಕರ್ಣ, ಹೊನ್ನಾವರದಲ್ಲಿ ಸಮುದ್ರಕ್ಕೆ ಹತ್ತಿರ ಇರುವವರಿಗೆ ಒಂದು ಕೆಲಸ ಜಾಸ್ತಿ. ಉಪ್ಪು ಗಾಳಿಗೆ ಬ್ಯಾಟರಿ ಕೂರುವ ಲೋಹದ ಪಟ್ಟಿ, ಅಡಾಪ್ಟರ್‌ನ ಪಿನ್, ಆಂಟೆನಾದ ತಿರುಪು ಹಸಿರು ಅಥವಾ ಬಿಳಿ ಕಿಲುಬು ಹಿಡಿಯುತ್ತವೆ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬಿಚ್ಚಿ ನೋಡಿ. ಕಿಲುಬು ಕಂಡರೆ ಬ್ಯಾಟರಿ ತೆಗೆದು, ಒಣ ಬಟ್ಟೆಯಿಂದ ಅಥವಾ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ತೆಗೆಯಿರಿ. ಗೇಟಿನ ಬಟನ್ ಅನ್ನು ಗಾಳಿ ಮಳೆ ನೇರ ಬಡಿಯುವ ಪಡುವಣ ಮುಖಕ್ಕೆ ಹಾಕಬೇಡಿ, ಕಂಬದ ಮೂಡಣ ಬದಿಗೆ ಹಾಕಿ.